ವಾರಕ್ಕೊಂದು ಸಿನಿಮಾ ಹೇಗೆ ಮುಗಿಸುತ್ತಿದ್ದರು? ಹಳೇ ಹಾಲಿವುಡ್ ಸ್ಟುಡಿಯೋಗಳ ಕೆಲಸದ ಕ್ರಮ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಹಾಯಕ ನಿರ್ದೇಶಕ. ನಮ್ಮ ಸಿನಿಮಾ ಮುಹೂರ್ತ ಆಗಿ ಎರಡು ವರ್ಷ ಆಯಿತು, ಇನ್ನೂ ಮೂರನೇ ಶೆಡ್ಯೂಲ್‌ಗೆ ಕಾಯುತ್ತಾ ಕೂತಿದ್ದೇವೆ. 1930ರ ದಶಕದಲ್ಲಿ ಹಾಲಿವುಡ್‌ನ ಒಂದೊಂದು ಸ್ಟುಡಿಯೋ ವರ್ಷಕ್ಕೆ 40–50 ಸಿನಿಮಾ ಮಾಡುತ್ತಿತ್ತು ಅಂತ ಓದಿದೆ. ಕಂಪ್ಯೂಟರ್ ಇಲ್ಲ, ಮೊಬೈಲ್ ಇಲ್ಲ. ಹೇಗೆ ಸಾಧ್ಯ ಸರ್? ದುಡ್ಡು ಜಾಸ್ತಿ ಇತ್ತು ಅನ್ನೋದಷ್ಟೇ ಉತ್ತರವಾ? ಅಲ್ಲಿ ನಿರ್ದೇಶಕನಿಗೆ ಎಷ್ಟು ಬೆಲೆ ಇತ್ತು?

ಉತ್ತರ: ದುಡ್ಡು ಇತ್ತು, ನಿಜ. ಆದರೆ ದುಡ್ಡಿದ್ದವರೆಲ್ಲ ಬೇಗ ಸಿನಿಮಾ ಮುಗಿಸುವುದಾಗಿದ್ದರೆ ನಮ್ಮಲ್ಲೂ ಎಷ್ಟೋ ದೊಡ್ಡ ಬಜೆಟ್ ಚಿತ್ರಗಳು ಆರು ತಿಂಗಳಿಗೆ ತೆರೆಗೆ ಬರಬೇಕಿತ್ತು. ಬರುತ್ತಿವೆಯಾ? ನಾನು ಒಂದಷ್ಟು ವರ್ಷ ಪ್ರೊಡಕ್ಷನ್ ಮ್ಯಾನೇಜರ್ ಆಗಿ ಓಡಾಡಿ, ಆಮೇಲೆ ಸಿನಿಮಾ ಚರಿತ್ರೆಯ ಪಾಠ ಹೇಳುವ ಕಡೆ ಬಂದವನು. ಹಾಗಾಗಿ ಕಲೆಯ ಕಡೆಯಿಂದ ಹೇಳುವುದಕ್ಕಿಂತ ಲೆಕ್ಕದ ಪುಸ್ತಕದ ಕಡೆಯಿಂದ ಹೇಳುತ್ತೇನೆ. ಹಾಲಿವುಡ್‌ಗೆ ಆ ವೇಗ ಬಂದದ್ದು ಕ್ಯಾಮೆರಾದಿಂದ ಅಲ್ಲ, ಲೈಟಿನಿಂದಲೂ ಅಲ್ಲ. ಟೈಪ್ ಮಾಡಿದ ಕಾಗದದಿಂದ. ಅಲ್ಲಿ ಸಿನಿಮಾ ಮೊದಲು ಕಾಗದದ ಮೇಲೆ ಮುಗಿಯುತ್ತಿತ್ತು. ಆಮೇಲೆ ಉಳಿಯುತ್ತಿದ್ದದ್ದು ಅದನ್ನು ಚಿತ್ರೀಕರಿಸುವ ಕೆಲಸ.

ಇದು ಒಂದೇ ದಿನದಲ್ಲಿ ಆದದ್ದಲ್ಲ. 1905ರ ಸುಮಾರಿಗೆ ಅಮೆರಿಕದ ಊರೂರಲ್ಲಿ ನಿಕಲೋಡಿಯನ್ ಎಂಬ ಪುಟ್ಟ ಚಿತ್ರಮಂದಿರಗಳು ಎದ್ದವು. ಟಿಕೆಟ್ 5 ಸೆಂಟ್. ತೋರಿಸುತ್ತಿದ್ದದ್ದು ಒಂದು ರೀಲಿನ ಚಿತ್ರಗಳನ್ನು, ಅಂದರೆ ಸುಮಾರು 1000 ಅಡಿ ಫಿಲ್ಮ್, ಹತ್ತು ಹದಿನೈದು ನಿಮಿಷ. ಜನ ವಾರಕ್ಕೆ ಮೂರು ನಾಲ್ಕು ಸಲ ಬರುತ್ತಿದ್ದರು, ಬಂದಾಗಲೆಲ್ಲ ಹೊಸದು ಬೇಕು. ಹಾಗಾಗಿ ಕೆಲವು ಕಡೆ ದಿನಕ್ಕೊಂದು ಸಲ ಚಿತ್ರ ಬದಲಾಗುತ್ತಿತ್ತು. ಈ ಹಸಿವಿಗೆ ಅನ್ನ ಹಾಕುವವರು ಯಾರು? ಮೊದಮೊದಲು ಕ್ಯಾಮೆರಾಮನ್ ಒಬ್ಬನೇ ಎಲ್ಲ ಮಾಡುತ್ತಿದ್ದ. ಏನು ತೆಗೆಯಬೇಕು ಅಂತ ಯೋಚಿಸುವುದು, ತೆಗೆಯುವುದು, ಕತ್ತರಿಸಿ ಅಂಟಿಸುವುದು, ಎಲ್ಲ. ಆಮೇಲೆ ನಾಟಕದ ಕಡೆಯಿಂದ ನಿರ್ದೇಶಕ ಬಂದ. ಬಯೋಗ್ರಾಫ್ ಕಂಪನಿಯಲ್ಲಿ ಡಿ. ಡಬ್ಲ್ಯು. ಗ್ರಿಫಿತ್ 1908ರಿಂದ 1913ರ ಒಳಗೆ 450ಕ್ಕೂ ಹೆಚ್ಚು ಕಿರುಚಿತ್ರ ಮಾಡಿದ. ಪೂರ್ತಿ ಬರೆದ ಸ್ಕ್ರಿಪ್ಟ್ ಇಟ್ಟುಕೊಂಡು ಅಲ್ಲ. ಕತೆ ತಲೆಯಲ್ಲಿ, ತಾಲೀಮು ಸೆಟ್‌ನಲ್ಲಿ. ಇಡೀ ಸಿನಿಮಾ ಒಬ್ಬ ಮನುಷ್ಯನ ತಲೆಯೊಳಗೆ ಇರುತ್ತಿತ್ತು.

ಹತ್ತು ನಿಮಿಷದ ಚಿತ್ರಕ್ಕೆ ಇದು ನಡೆಯುತ್ತದೆ. ಐದಾರು ರೀಲಿನ ಚಿತ್ರಕ್ಕೆ ನಡೆಯುವುದಿಲ್ಲ. ಅಷ್ಟು ಉದ್ದದ ಚಿತ್ರದಲ್ಲಿ ಯಾವ ಸೆಟ್ ಎಷ್ಟು ಸಲ ಬರುತ್ತದೆ, ಯಾವ ನಟಿ ಯಾವ ದೃಶ್ಯದಲ್ಲಿ ಯಾವ ಬಟ್ಟೆ ಹಾಕಿದ್ದಳು ಎಂಬುದೆಲ್ಲ ಒಬ್ಬನ ತಲೆಯಲ್ಲಿ ನಿಲ್ಲುವುದಿಲ್ಲ. ನಿಂತರೂ ಅವನಿಗೆ ಜ್ವರ ಬಂದರೆ ಮುಗಿಯಿತು. ನಿಮಗೆ ಇದು ಚೆನ್ನಾಗಿ ಗೊತ್ತಿರುತ್ತೆ. ನಮ್ಮಲ್ಲಿ ಇವತ್ತಿಗೂ ಎಷ್ಟೋ ಸಿನಿಮಾ ನಿರ್ದೇಶಕನ ತಲೆಯಲ್ಲೇ ಇರುತ್ತದೆ, ಮಿಕ್ಕವರು ಅವನ ಮುಖ ನೋಡುತ್ತಾ ನಿಂತಿರುತ್ತಾರೆ.

ಇಲ್ಲಿ ಬರುವವನು ಥಾಮಸ್ ಇನ್ಸ್. ಹಾಲಿವುಡ್ ಅಂದರೆ ಎಲ್ಲರಿಗೂ ಗ್ರಿಫಿತ್, ಚಾಪ್ಲಿನ್ ನೆನಪಾಗುತ್ತಾರೆ. ನನ್ನ ಪ್ರಕಾರ ನೀವು ಈಗ ದಿನಾ ಸೆಟ್‌ನಲ್ಲಿ ಮಾಡುವ ಕೆಲಸದ ಅರ್ಧಕ್ಕೆ ಈ ಮನುಷ್ಯನೇ ಕಾರಣ. 1911ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದ. ಸಾಂಟಾ ಮೋನಿಕಾ ಹತ್ತಿರ, ಸಮುದ್ರಕ್ಕೆ ಅಂಟಿದ ಸಾಂಟಾ ಇನೆಜ್ ಎಂಬ ಕಣಿವೆಯಲ್ಲಿ ವಿಶಾಲವಾದ ಜಾಗ ಹಿಡಿದ. ಕೌಬಾಯ್ ಆಟ ತೋರಿಸುತ್ತಾ ಊರೂರು ತಿರುಗುತ್ತಿದ್ದ ಮಿಲ್ಲರ್ ಬ್ರದರ್ಸ್ ಕಂಪನಿಯನ್ನು ಕುದುರೆ, ಕಾಡೆಮ್ಮೆ, ಸವಾರರು, ಮೂಲನಿವಾಸಿ ಕಲಾವಿದರ ಸಮೇತ ಕೆಲಸಕ್ಕೆ ಇಟ್ಟುಕೊಂಡ. ಆ ಜಾಗಕ್ಕೆ ಇನ್ಸ್‌ವಿಲ್ ಅಂತಲೇ ಹೆಸರು ಬಿತ್ತು.

ಈಗ ಅವನ ತೊಂದರೆ ನೋಡಿ. ಇಷ್ಟು ಜನ, ಇಷ್ಟು ಪ್ರಾಣಿಗಳಿಗೆ ದಿನಾ ಸಂಬಳ, ದಿನಾ ಮೇವು. ಶೂಟಿಂಗ್ ಇರಲಿ ಬಿಡಲಿ ಖರ್ಚು ನಿಲ್ಲುವುದಿಲ್ಲ. ಒಂದೇ ಯೂನಿಟ್ ಇಟ್ಟುಕೊಂಡರೆ ಅರ್ಧ ಜನ ಸುಮ್ನೆ ಕೂತಿರುತ್ತಾರೆ. ಎರಡನೇ ಯೂನಿಟ್ ಮಾಡಿದ. ಒಂದಕ್ಕೆ ತಾನು ನಿರ್ದೇಶಕ, ಇನ್ನೊಂದಕ್ಕೆ ಫ್ರಾನ್ಸಿಸ್ ಫೋರ್ಡ್. ಮುಂದೆ ಬಹಳ ದೊಡ್ಡ ಹೆಸರು ಮಾಡಿದ ಜಾನ್ ಫೋರ್ಡ್‌ನ ಅಣ್ಣ ಇವನು. ಆದರೆ ತಾನು ಇಲ್ಲದ ಕಡೆ ತನ್ನ ಸಿನಿಮಾ ತನಗೆ ಬೇಕಾದ ಹಾಗೆ ಬರಬೇಕಲ್ಲ, ಅದಕ್ಕೇನು ದಾರಿ? ಬರೆದುಕೊಡುವುದು. ಒಂದೊಂದು ಶಾಟ್‌ಗೂ ನಂಬರ್ ಹಾಕಿ, ಜಾಗ ಯಾವುದು, ಒಳಗೋ ಹೊರಗೋ, ಯಾರು ಇದ್ದಾರೆ, ಏನು ಮಾಡುತ್ತಾರೆ, ಪರದೆಯ ಮೇಲೆ ಬರುವ ಬರಹ ಏನು, ಎಲ್ಲ ಟೈಪ್ ಮಾಡಿಸಿ ಕೊಡುವುದು. ಇದೇ ಕಂಟಿನ್ಯುಟಿ ಸ್ಕ್ರಿಪ್ಟ್. ‘ಬರೆದಂತೆಯೇ ಶೂಟ್ ಮಾಡು’ ಅಂತ ಇನ್ಸ್ ಸ್ಕ್ರಿಪ್ಟ್ ಮೇಲೆ ಸೀಲ್ ಒತ್ತುತ್ತಿದ್ದ ಎಂಬ ಕತೆಯೇ ಇದೆ. ಸ್ವಲ್ಪ ಉಪ್ಪು ಖಾರ ಸೇರಿರಬಹುದು, ಆದರೆ ಅವನ ಕ್ರಮ ಅದೇ. ಸ್ವಲ್ಪ ದಿನದಲ್ಲಿ ಅವನು ನಿರ್ದೇಶನವನ್ನು ಬಹುಪಾಲು ಬಿಟ್ಟ. ಸ್ಕ್ರಿಪ್ಟ್ ಹಂತದಲ್ಲಿ ಒಂದು ಸಲ, ಎಡಿಟಿಂಗ್ ಹಂತದಲ್ಲಿ ಇನ್ನೊಂದು ಸಲ ಕೂರುತ್ತಿದ್ದ. ನಡುವಿನದನ್ನು ಬೇರೆಯವರು ಮಾಡಿಕೊಂಡು ಬರುತ್ತಿದ್ದರು.

ಈ ಕಾಗದದಲ್ಲಿ ಅಂಥದ್ದೇನಿತ್ತು ಅಂತ ಕೇಳಬಹುದು. ನೋಡಿ, ಕತೆ ಓದಲು ಅದನ್ನು ಬರೆದದ್ದೇ ಅಲ್ಲ. ಅದು ಲೆಕ್ಕ ಹಾಕಲು ಬರೆದದ್ದು. ನಂಬರ್ ಹಾಕಿದ ದೃಶ್ಯಗಳು ಕೈಗೆ ಬಂದ ತಕ್ಷಣ ಒಬ್ಬ ಗುಮಾಸ್ತ ಕೂತು ಬಿಡಿಸಬಹುದು. ಹೋಟೆಲ್ ಸೆಟ್‌ನ ದೃಶ್ಯಗಳು 4, 17, 18, 62. ಹಾಗಾದರೆ ನಾಲ್ಕನ್ನೂ ಒಂದೇ ಸಲ ತೆಗೆದುಬಿಡಿ, ಸೆಟ್ ಒಡೆದುಹಾಕಿ, ಜಾಗ ಖಾಲಿಯಾಗಲಿ. ಮುದುಕನ ಪಾತ್ರ ಮೂರೇ ದಿನ, ಆ ನಟನಿಗೆ ಮೂರೇ ದಿನದ ದುಡ್ಡು. ಬಡಗಿಗೆ ಅಳತೆ ಮೊದಲೇ ಗೊತ್ತು, ದರ್ಜಿಗೆ ಎಷ್ಟು ಜೊತೆ ಬಟ್ಟೆ ಅಂತ ಮೊದಲೇ ಗೊತ್ತು. ಖರ್ಚು ಎಷ್ಟು ಅಂತ ಒಂದು ಅಡಿ ಫಿಲ್ಮ್ ಓಡುವ ಮೊದಲೇ ಹೇಳಬಹುದು. ಹಿಂದೆ ಮುಂದೆ ಮಾಡಿ ತೆಗೆದ ಮೇಲೂ ಜೋಡಿಸಿದಾಗ ಕತೆ ಸರಿಯಾಗಿ ಕೂರುತ್ತದೆ ಎಂಬ ಧೈರ್ಯ ಆ ನಂಬರುಗಳಿಂದ ಬಂತು. ಬ್ಯಾಂಕಿನವರಿಗೆ ಸಾಲ ಕೊಡಲು ಧೈರ್ಯ ಬಂದದ್ದೂ ಇದರಿಂದಲೇ ಅನ್ನುವುದು ನನ್ನ ಅನಿಸಿಕೆ. ಕೈಗೆ ಕೊಡಲು ಒಂದು ಕಾಗದ ಇತ್ತಲ್ಲ.

ನಾನು ಒಂದು ಸಿನಿಮಾದಲ್ಲಿ ಕೆಲಸ ಮಾಡುವಾಗ ಜಾತ್ರೆ ದೃಶ್ಯಕ್ಕೆ ಅಂತ ಇನ್ನೂರು ಜನ ಜೂನಿಯರ್ ಆರ್ಟಿಸ್ಟ್‌ಗಳನ್ನು ಬೆಳಗ್ಗೆ ಆರಕ್ಕೆ ಕರೆಸಿದ್ದೆವು. ಒಂಬತ್ತಕ್ಕೆ ನಿರ್ದೇಶಕರು ಬಂದು, ರಾತ್ರಿ ಮಲಗಿದಾಗ ಹೊಳೆಯಿತು ಕಣಯ್ಯಾ, ಜಾತ್ರೆ ಬೇಡ, ಇಬ್ಬರೇ ಕೆರೆ ಏರಿ ಮೇಲೆ ನಡೆಯಲಿ ಅಂದರು. ಹೊಳೆದದ್ದು ಚೆನ್ನಾಗಿಯೇ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಇನ್ನೂರು ಜನರ ಬಾಟಾ, ತಿಂಡಿ, ಬಸ್ಸಿನ ಬಾಡಿಗೆ ಮಾತ್ರ ನನ್ನ ತಲೆ ಮೇಲೆ. ಇನ್ಸ್ ಕಂಡರೆ ನನಗೆ ಅಷ್ಟೊಂದು ಗೌರವ ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಇದೇ ಹೊತ್ತಿಗೆ ಸ್ಟುಡಿಯೋ ಅಂದರೆ ಒಂದು ಊರೇ ಆಗತೊಡಗಿತು. 1915ರ ಮಾರ್ಚ್ 15ರಂದು ಯೂನಿವರ್ಸಲ್ ಕಂಪನಿಯ ಯಜಮಾನ ಕಾರ್ಲ್ ಲೆಮ್ಲಿ ಯೂನಿವರ್ಸಲ್ ಸಿಟಿ ಎಂಬ ಸ್ಟುಡಿಯೋವನ್ನು ತೆರೆದ, 230 ಎಕರೆ ಜಾಗದಲ್ಲಿ. ಮೂಕಿ ಚಿತ್ರಗಳ ಕಾಲವಾದ್ದರಿಂದ ಒಂದರ ಪಕ್ಕ ಒಂದು ಸೆಟ್ ಹಾಕಿ ಒಂದೇ ಹೊತ್ತಿಗೆ ಶೂಟ್ ಮಾಡಬಹುದಿತ್ತು. ಇಲ್ಲಿ ಕೊಲೆ, ಅಲ್ಲಿ ಮದುವೆ, ಆಚೆ ಸುತ್ತಿಗೆ ಸದ್ದು. ಯಾರಿಗೂ ತೊಂದರೆಯಿಲ್ಲ. 25 ಸೆಂಟ್ ಕೊಟ್ಟರೆ ಜನ ಒಳಗೆ ಬಂದು ಕೂತು ಶೂಟಿಂಗ್ ನೋಡಬಹುದಿತ್ತು. ಮಾತು ಬಂದ ಮೇಲೆ ಈ ಪ್ರೇಕ್ಷಕರ ಸಾಲು ಹೋಯಿತು. ಪಾಪ, ಒಬ್ಬ ಕೆಮ್ಮಿದರೂ ಟೇಕ್ ಹಾಳು.

ಯೂನಿವರ್ಸಲ್‌ನಲ್ಲೇ ಅಧಿಕಾರದ ದೊಡ್ಡ ಜಗಳವೊಂದು ನಡೆಯಿತು. ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎರಿಕ್ ವಾನ್ ಸ್ಟ್ರೋಹೈಮ್ ಅಂತ ಒಬ್ಬ ನಿರ್ದೇಶಕ. ಪ್ರತಿಭೆ ಅಪಾರ, ಖರ್ಚಿಗೆ ಮಿತಿ ಇಲ್ಲ. 1922ರಲ್ಲಿ ಬಂದ ಅವನ ಚಿತ್ರವನ್ನು ಹತ್ತು ಲಕ್ಷ ಡಾಲರ್ ಚಿತ್ರ ಅಂತ ಯೂನಿವರ್ಸಲ್ ತಾನೇ ಜಾಹೀರಾತು ಮಾಡಿತು. ಖರ್ಚು ಕೈಮೀರಿದ್ದನ್ನೇ ಹೆಮ್ಮೆ ಮಾಡಿ ಮಾರಿದರು ಅನ್ನಿ. ಆಗ ಆ ಸ್ಟುಡಿಯೋ ನೋಡಿಕೊಳ್ಳುತ್ತಿದ್ದವನು ಅರ್ವಿಂಗ್ ಥಾಲ್ಬರ್ಗ್, ಇಪ್ಪತ್ತರ ಆಸುಪಾಸಿನ ಹುಡುಗ. ಅವನಿಗೆ ಸ್ಟ್ರೋಹೈಮ್‌ನನ್ನು ನಿಲ್ಲಿಸಲು ಆಗಲಿಲ್ಲ. ಕಾರಣ ಏನು ಗೊತ್ತಾ? ಆ ಚಿತ್ರದ ಮುಖ್ಯ ಪಾತ್ರವನ್ನೂ ಸ್ಟ್ರೋಹೈಮ್ ತಾನೇ ಮಾಡಿದ್ದ. ನಿರ್ದೇಶಕನನ್ನು ಕಿತ್ತು ಹಾಕಿದರೆ ನಾಯಕನೂ ಹೋಗುತ್ತಾನೆ. ಮುಂದಿನ ಚಿತ್ರಕ್ಕೆ ಥಾಲ್ಬರ್ಗ್ ಹುಷಾರಾದ. ನೀನು ನಟಿಸಬಾರದು, ನಿರ್ದೇಶನ ಮಾತ್ರ ಅಂದ. ಶೂಟಿಂಗ್ ಎಳೆಯತೊಡಗಿದ ಕೂಡಲೇ, 1922ರಲ್ಲೇ, ಅವನನ್ನು ಮನೆಗೆ ಕಳಿಸಿ ರೂಪರ್ಟ್ ಜೂಲಿಯನ್ ಎಂಬುವನ ಕೈಗೆ ಕೊಟ್ಟು ಚಿತ್ರ ಮುಗಿಸಿದ. ಸೆಟ್‌ನಲ್ಲಿ ಯಜಮಾನ ಯಾರು ಎಂಬ ಪ್ರಶ್ನೆ ಅವತ್ತಿಗೆ ತೀರ್ಮಾನವಾಯಿತು.

1924ರಲ್ಲಿ ಎಂಜಿಎಂ ಸ್ಟುಡಿಯೋ ಹುಟ್ಟಿತು. ಸ್ಟುಡಿಯೋದ ಮುಖ್ಯಸ್ಥ ಲೂಯಿ ಬಿ. ಮೇಯರ್, ಚಿತ್ರ ತಯಾರಿಕೆಯ ಹೊಣೆ ಥಾಲ್ಬರ್ಗ್‌ಗೆ. ಕಲ್ವರ್ ಸಿಟಿಯ ಆ ಜಾಗ ಯಾರು ಕಟ್ಟಿಸಿದ್ದು ಗೊತ್ತಾ? ಇನ್ಸ್! ಅವನ ಹಳೇ ಕಂಪನಿಗೆ ಕಟ್ಟಿದ ಸ್ಟುಡಿಯೋ ಕೈಬದಲಾಗಿ ಎಂಜಿಎಂಗೆ ಬಂತು. ಅದೇ ವರ್ಷ ನವೆಂಬರ್‌ನಲ್ಲಿ ಇನ್ಸ್ ತೀರಿಕೊಂಡ. ಅವನ ಕ್ರಮ ಮಾತ್ರ ಅದೇ ಗೋಡೆಗಳ ಒಳಗೆ ಹತ್ತು ಪಟ್ಟು ದೊಡ್ಡದಾಯಿತು. ಥಾಲ್ಬರ್ಗ್ ಕೈಕೆಳಗೆ ನಾಲ್ಕೈದು ಜನ ಮೇಲ್ವಿಚಾರಕರು, ಒಬ್ಬೊಬ್ಬರಿಗೆ ಒಂದಿಷ್ಟು ಚಿತ್ರ. ಕತೆ ಆರಿಸುವುದು, ಬರಹಗಾರರನ್ನು ಕೂರಿಸುವುದು, ತಾರಾಗಣ, ಕೊನೆಯ ಎಡಿಟಿಂಗ್, ಎಲ್ಲದಕ್ಕೂ ಕೊನೆಯ ಮಾತು ಥಾಲ್ಬರ್ಗ್‌ನದು. ತೆರೆಯ ಮೇಲೆ ತನ್ನ ಹೆಸರು ಬೇಡ ಅನ್ನುತ್ತಿದ್ದ. ಚಿತ್ರ ಸಿದ್ಧವಾದ ಮೇಲೆ ಹತ್ತಿರದ ಊರಿನ ಥಿಯೇಟರಿನಲ್ಲಿ ಹೇಳದೆ ಕೇಳದೆ ತೋರಿಸಿ, ಜನ ಎಲ್ಲಿ ನಗಲಿಲ್ಲ, ಎಲ್ಲಿ ಎದ್ದು ಹೋದರು ನೋಡಿಕೊಂಡು ಬಂದು ಮತ್ತೆ ಶೂಟ್ ಮಾಡಿಸುತ್ತಿದ್ದ. ಸೆಟ್, ನಟ, ಬಟ್ಟೆ ಎಲ್ಲ ಸಂಬಳದ ಲೆಕ್ಕದಲ್ಲಿ ಮನೆಯಲ್ಲೇ ಇರುವಾಗ ಮರುಶೂಟಿಂಗ್ ಅಷ್ಟು ದುಬಾರಿ ಅಲ್ಲ. ನಮ್ಮಲ್ಲಾದರೆ ಒಂದು ಪ್ಯಾಚ್‌ವರ್ಕ್‌ಗೆ ನಾಯಕನ ಡೇಟ್ ಸಿಗುವಷ್ಟರಲ್ಲಿ ಅವನ ಗಡ್ಡ ಬೇರೆ ಆಗಿರುತ್ತೆ.

ಒಬ್ಬನೇ ಮನುಷ್ಯ 50 ಚಿತ್ರ ನೋಡಿಕೊಳ್ಳುವುದಕ್ಕೂ ಮಿತಿ ಇದೆ. 1932ರ ಕೊನೆಯಲ್ಲಿ ಥಾಲ್ಬರ್ಗ್‌ಗೆ ಹೃದಯಾಘಾತ ಆಯಿತು. ಅವನು ರಜೆಯಲ್ಲಿದ್ದಾಗ ಮೇಯರ್ ಆ ಅಧಿಕಾರವನ್ನು ಹಲವು ನಿರ್ಮಾಪಕರಿಗೆ ಹಂಚಿಬಿಟ್ಟ. ತನ್ನ ಅಳಿಯ ಡೇವಿಡ್ ಸೆಲ್ಜ್ನಿಕ್‌ಗೂ ಒಂದು ಯೂನಿಟ್. ಥಾಲ್ಬರ್ಗ್ ವಾಪಸ್ ಬಂದಾಗ ಅವನೂ ಹಲವರಲ್ಲಿ ಒಬ್ಬ. 1936ರಲ್ಲಿ ತೀರಿಕೊಂಡ, ಬರೀ 37 ವರ್ಷ. 1931ರ ಆಚೆ ಈಚೆ ಬೇರೆ ಸ್ಟುಡಿಯೋಗಳೂ ಹೀಗೆ ಒಬ್ಬ ಕೇಂದ್ರ ನಿರ್ಮಾಪಕನಿಂದ ಹಲವು ನಿರ್ಮಾಪಕ ಯೂನಿಟ್‌ಗಳ ಕಡೆಗೆ ಹೊರಳಿದವು.

ಇನ್ನು ಆ 50 ಎಂಬ ಸಂಖ್ಯೆ ಎಲ್ಲಿಂದ ಬಂತು? ಇದನ್ನು ಎಷ್ಟೋ ಜನ ಕೇಳುವುದೇ ಇಲ್ಲ. ಅದನ್ನು ತೀರ್ಮಾನ ಮಾಡುತ್ತಿದ್ದದ್ದು ಹಾಲಿವುಡ್ ಅಲ್ಲ, ನ್ಯೂಯಾರ್ಕ್. ಐದು ದೊಡ್ಡ ಕಂಪನಿಗಳು, ಅಂದರೆ ಎಂಜಿಎಂ, ಪ್ಯಾರಾಮೌಂಟ್, ವಾರ್ನರ್, ಫಾಕ್ಸ್, ಆರ್‌ಕೆಓ, ಇವಕ್ಕೆಲ್ಲ ಸ್ವಂತ ಚಿತ್ರಮಂದಿರಗಳ ಸರಣಿ ಇತ್ತು. ಪ್ಯಾರಾಮೌಂಟ್ ಬಳಿಯೇ ಒಂದು ಕಾಲಕ್ಕೆ ಸಾವಿರಕ್ಕೂ ಹೆಚ್ಚು. ಅಸಲಿ ಯಜಮಾನರು ನ್ಯೂಯಾರ್ಕಿನ ಆಫೀಸಿನಲ್ಲಿ ಕೂತು ಈ ವರ್ಷ ಇಷ್ಟು ಚಿತ್ರ ಬೇಕು, ಇಷ್ಟು ದೊಡ್ಡವು, ಇಷ್ಟು ಸಣ್ಣವು, ಒಟ್ಟು ದುಡ್ಡು ಇಷ್ಟು ಅಂತ ಬರೆದು ಕಳಿಸುತ್ತಿದ್ದರು. ಬೇರೆಯವರ ಚಿತ್ರಮಂದಿರಗಳಿಗೆ ಇಡೀ ವರ್ಷದ ಚಿತ್ರಗಳನ್ನು ಗಂಟು ಕಟ್ಟಿ ಮಾರುತ್ತಿದ್ದರು. ದೊಡ್ಡ ತಾರೆಯ ಚಿತ್ರ ಬೇಕಾ, ಇವಿಷ್ಟನ್ನೂ ತಗೋ. ಅವುಗಳಲ್ಲಿ ಎಷ್ಟೋ ಇನ್ನೂ ಶೂಟೇ ಆಗಿರುತ್ತಿರಲಿಲ್ಲ, ಕೆಲವಕ್ಕೆ ಹೆಸರೂ ಇಲ್ಲ! ಸೀರೆ ಅಂಗಡಿಯಲ್ಲಿ ಒಂದು ರೇಷ್ಮೆ ಸೀರೆ ಕೇಳಿದರೆ ಜೊತೆಗೆ ಹತ್ತು ಟವೆಲ್ ಕಟ್ಟಿಕೊಟ್ಟ ಹಾಗೆ. ಆದರೆ ಇದರಿಂದ ಏನಾಯಿತು ಅಂದರೆ, ಮಾರಿಬಿಟ್ಟ ಮೇಲೆ ಕೊಡಲೇಬೇಕು. ಅಕ್ಟೋಬರ್ ಎರಡನೇ ವಾರ ಅಂದರೆ ಅಕ್ಟೋಬರ್ ಎರಡನೇ ವಾರ. ಸಿನಿಮಾ ಮುಗಿದ ಮೇಲೆ ಬಿಡುಗಡೆಗೆ ದಿನ ಹುಡುಕುವ ಮಾತೇ ಇಲ್ಲ. ದಿನ ಮೊದಲು, ಸಿನಿಮಾ ಆಮೇಲೆ. ಮೊದಲೇ ಹೇಳಿದ ಕಾಗದದ ಕೆಲಸಕ್ಕೆ ಹಿಂದಿನಿಂದ ಬಿದ್ದ ಚಾಟಿ ಇದು.

ಸ್ಟುಡಿಯೋವನ್ನು ಕಾರ್ಖಾನೆ ಅಂತ ಎಲ್ಲರೂ ಕರೆಯುತ್ತಾರೆ. ನನಗೆ ಆ ಮಾತು ಪೂರ್ತಿ ಒಪ್ಪಿಗೆ ಇಲ್ಲ. ಕಾರು ಕಾರ್ಖಾನೆಯಲ್ಲಿ ಸಾವಿರ ಕಾರೂ ಒಂದೇ ಥರ ಇರಬೇಕು, ಇಲ್ಲಿ ಪ್ರತಿ ಚಿತ್ರವೂ ಬೇರೆ ಇರಬೇಕು. ನಮ್ಮ ಗುಬ್ಬಿ ಕಂಪನಿಯಂಥ ವೃತ್ತಿ ನಾಟಕ ಕಂಪನಿ ಇದಕ್ಕೆ ಹತ್ತಿರ ಅನಿಸುತ್ತೆ. ಅಲ್ಲಿ ನಟರು, ಪರದೆ ಬರೆಯುವವರು, ಮೇಳದವರು, ಅಡುಗೆಯವರು ಎಲ್ಲ ಒಂದೇ ಕಂಪನಿಯ ಅನ್ನ ತಿನ್ನುತ್ತಿದ್ದರು, ಇಲ್ಲೂ ಹಾಗೇ. ವ್ಯತ್ಯಾಸ ಅಂದರೆ ನಾಟಕ ಕಂಪನಿ ಒಂದೇ ನಾಟಕವನ್ನು ನೂರು ರಾತ್ರಿ ಆಡುತ್ತಿತ್ತು, ಇವರು ವಾರಕ್ಕೊಂದು ಹೊಸ ನಾಟಕ ಕಟ್ಟಬೇಕಿತ್ತು. ಅದಕ್ಕೆ ಎಲ್ಲ ಇಲಾಖೆಯೂ ಒಳಗೇ ಇರುತ್ತಿತ್ತು. ಕತೆ, ಕಲೆ, ವಸ್ತ್ರ, ಸಂಗೀತ, ಲ್ಯಾಬ್, ಮರಗೆಲಸ, ಹಳೇ ಕಾಲದ ಅಂಗಿಯ ಗುಂಡಿ ಹೇಗಿತ್ತು ಅಂತ ಹುಡುಕಿ ಹೇಳುವ ಸಂಶೋಧನಾ ವಿಭಾಗ ಕೂಡ. ಎಂಜಿಎಂನ ಕಲಾ ವಿಭಾಗದ ಮುಖ್ಯಸ್ಥ ಸೆಡ್ರಿಕ್ ಗಿಬ್ಬನ್ಸ್ 1924ರಿಂದ 1956ರವರೆಗೆ ಅದೇ ಕುರ್ಚಿಯಲ್ಲಿದ್ದ. ಚಿತ್ರಕ್ಕೆ ಯಾರೇ ಸೆಟ್ ಮಾಡಿರಲಿ, ಹೆಚ್ಚುಕಡಿಮೆ ಎಲ್ಲ ಚಿತ್ರಕ್ಕೂ ಅವನ ಹೆಸರೇ. ಆಸ್ಕರ್ ಬೊಂಬೆಯ ವಿನ್ಯಾಸವೂ ಅವನದು. ಬೊಂಬೆ ಮಾಡಿದವನೇ 11 ಬೊಂಬೆ ಮನೆಗೆ ತಗೊಂಡು ಹೋದ.

ಸೆಟ್‌ಗಳನ್ನು ಎಸೆಯುತ್ತಿರಲಿಲ್ಲ. ಹಿಂದಿನ ಬಯಲಿನಲ್ಲಿ ನ್ಯೂಯಾರ್ಕ್ ಬೀದಿ, ಯುರೋಪಿನ ಹಳ್ಳಿ, ಕೌಬಾಯ್ ಪಟ್ಟಣ ಸದಾ ನಿಂತಿರುತ್ತಿದ್ದವು. ಬೋರ್ಡ್ ಬದಲಾಯಿಸಿದರೆ ಪ್ಯಾರಿಸ್ಸೇ ವಿಯೆನ್ನಾ. 1938ರ ಡಿಸೆಂಬರ್ 10ರ ರಾತ್ರಿ ಸೆಲ್ಜ್ನಿಕ್ ತನ್ನ ‘ಗಾನ್ ವಿತ್ ದ ವಿಂಡ್’ ಚಿತ್ರಕ್ಕೆ ಅಟ್ಲಾಂಟಾ ಊರು ಸುಡುವ ದೃಶ್ಯ ತೆಗೆದಾಗ ಸುಟ್ಟದ್ದು ಇಂಥ ಹಳೇ ಸೆಟ್‌ಗಳನ್ನೇ, ‘ಕಿಂಗ್ ಕಾಂಗ್’ನ ದೊಡ್ಡ ಗೋಡೆ ಸೇರಿ. ಒಂದೇ ಬೆಂಕಿಯಲ್ಲಿ ದೃಶ್ಯವೂ ಆಯಿತು, ಹೊಸ ಸೆಟ್‌ಗೆ ಜಾಗವೂ ಆಯಿತು. ಅಂದಹಾಗೆ ಸೆಲ್ಜ್ನಿಕ್‌ನ ಆ ಸ್ಟುಡಿಯೋ ಕೂಡ ಮೊದಲು ಕಟ್ಟಿಸಿದ್ದು ಇನ್ಸ್. ಈ ಮನುಷ್ಯ ಎಲ್ಲಿ ಹೋದರೂ ಸಿಗುತ್ತಾನೆ.

ಜನರನ್ನೂ ಸೆಟ್‌ನಂತೆಯೇ ಸಂಗ್ರಹ ಮಾಡಿಟ್ಟಿದ್ದರು. ನಟರ ಒಪ್ಪಂದ 7 ವರ್ಷಕ್ಕೆ. ಆದರೆ ಏಳು ವರ್ಷ ಬಂಧಿ ಆಗಿರುತ್ತಿದ್ದದ್ದು ನಟ ಮಾತ್ರ. ಸ್ಟುಡಿಯೋಗೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಬೇಡ ಅನ್ನುವ ಹಕ್ಕು ಇರುತ್ತಿತ್ತು. ಕೊಟ್ಟ ಪಾತ್ರ ಒಲ್ಲೆ ಅಂದರೆ ಸಂಬಳ ನಿಲ್ಲಿಸಿ ಮನೆಯಲ್ಲಿ ಕೂರಿಸುತ್ತಿದ್ದರು, ಕೂತ ದಿನಗಳನ್ನು ಒಪ್ಪಂದದ ಕೊನೆಗೆ ಸೇರಿಸುತ್ತಿದ್ದರು. ತಮಗೆ ಕೆಲಸ ಇಲ್ಲದಾಗ ಬೇರೆ ಸ್ಟುಡಿಯೋಗೆ ಎರವಲು ಕೊಟ್ಟು ಲಾಭ ಮಾಡಿಕೊಳ್ಳುತ್ತಿದ್ದರು. ಎಂಜಿಎಂನ ಕ್ಲಾರ್ಕ್ ಗೇಬಲ್‌ಗೆ ಆಸ್ಕರ್ ಬಂದದ್ದೇ ಕೊಲಂಬಿಯಾ ಕಂಪನಿಗೆ ಹೀಗೆ ಎರವಲು ಹೋಗಿ ಮಾಡಿದ ಚಿತ್ರಕ್ಕೆ. ನಟಿ ಬೆಟ್ಟಿ ಡೇವಿಸ್ 1936ರಲ್ಲಿ ಇದರ ವಿರುದ್ಧ ಲಂಡನ್ನಿನ ಕೋರ್ಟಿನಲ್ಲಿ ಸೋತಳು. ಒಲಿವಿಯಾ ಡಿ ಹ್ಯಾವಿಲೆಂಡ್ ಗೆದ್ದಳು. 7 ವರ್ಷ ಅಂದರೆ ಕ್ಯಾಲೆಂಡರಿನ 7 ವರ್ಷ, ಮನೆಯಲ್ಲಿ ಕೂರಿಸಿದ ದಿನಗಳನ್ನು ಸೇರಿಸುವ ಹಾಗಿಲ್ಲ ಅಂತ 1944ರಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟು ಹೇಳಿತು.

ಇಲ್ಲೊಂದು ತಮಾಷೆ ನೋಡಿ. ಕಾಲ್‌ಶೀಟ್ ಅನ್ನುವ ಪದ ನಮಗೂ ಇದೆ, ಅವರಿಗೂ ಇದೆ. ಅಲ್ಲಿ ಕಾಲ್‌ಶೀಟ್ ಅಂದರೆ ನಾಳೆ ಬೆಳಗ್ಗೆ ಇಷ್ಟು ಗಂಟೆಗೆ ಮೇಕಪ್‌ಗೆ ಬಾ, ಇಂಥ ಸ್ಟೇಜ್, ಇಂಥ ದೃಶ್ಯ ಅಂತ ಸ್ಟುಡಿಯೋ ನಟನಿಗೆ ಕಳಿಸುವ ಹಾಳೆ. ನಮ್ಮ ಗಾಂಧಿನಗರದಲ್ಲಿ ಕಾಲ್‌ಶೀಟ್ ಅಂದರೆ ಏನು? ಹೀರೋ ನಿರ್ಮಾಪಕನಿಗೆ ಕೊಡುವ ಡೇಟು. ಪದ ಅದೇ, ಕಾಗದ ಮಾತ್ರ ಉಲ್ಟಾ ದಿಕ್ಕಿನಲ್ಲಿ ಹರಿಯುತ್ತದೆ. ನಿಮ್ಮ ಮೂರನೇ ಶೆಡ್ಯೂಲ್ ಯಾಕೆ ನಿಂತಿದೆ ಅನ್ನುವುದಕ್ಕೆ ಇದಕ್ಕಿಂತ ಜಾಸ್ತಿ ವಿವರಣೆ ಬೇಕಾ?

ದಿನದ ಕೆಲಸವೂ ಕಾಗದದ ಮೇಲೇ. ಸಂಜೆ ನಾಳೆಯ ಕಾಲ್‌ಶೀಟ್ ಹೋಗುತ್ತದೆ. ಸೆಟ್‌ನಲ್ಲಿ ಸ್ಕ್ರಿಪ್ಟ್ ಹುಡುಗಿ ಪ್ರತಿ ಟೇಕ್ ಬರೆದುಕೊಳ್ಳುತ್ತಾಳೆ, ಸಿಗರೇಟು ಯಾವ ಕೈಯಲ್ಲಿತ್ತು ಅನ್ನುವುದೂ ಸೇರಿ. ದಿನದ ಕೊನೆಗೆ ಪ್ರೊಡಕ್ಷನ್ ರಿಪೋರ್ಟ್. ಮೊದಲ ಶಾಟ್ ಎಷ್ಟು ಗಂಟೆಗೆ, ಎಷ್ಟು ಪುಟ ಮುಗಿಯಿತು, ಎಷ್ಟು ಅಡಿ ಫಿಲ್ಮ್ ಓಡಿತು, ಎಷ್ಟು ಹೊತ್ತು ಯಾಕೆ ತಡ. ನಿನ್ನೆ ತೆಗೆದದ್ದನ್ನು ನಿರ್ಮಾಪಕ ನೋಡಿ ಟಿಪ್ಪಣಿ ಕಳಿಸುತ್ತಾನೆ. ವಾರ್ನರ್ ಬ್ರದರ್ಸ್‌ನ ಆಫೀಸ್ ಮೆಮೊ ಹಾಳೆಯ ಮೇಲೆ ಒಂದು ಸಾಲು ಅಚ್ಚು ಹಾಕಿಸಿಯೇ ಇಟ್ಟಿದ್ದರು, ಬಾಯಿಮಾತಿನಿಂದ ತಪ್ಪು ತಿಳಿವಳಿಕೆ, ತಡ ಎರಡೂ ಆಗುತ್ತದೆ, ದಯವಿಟ್ಟು ಬರೆದು ತಿಳಿಸಿ ಅಂತ. ನನ್ನ ಕೈಯಲ್ಲಿ ಆಗಿದ್ದರೆ ಅದನ್ನು ಕನ್ನಡದಲ್ಲಿ ಬರೆಸಿ ಪ್ರತಿ ಪ್ರೊಡಕ್ಷನ್ ಆಫೀಸಿನ ಗೋಡೆಗೂ ಹೊಡೆಸುತ್ತಿದ್ದೆ.

ಈಗ ನಿರ್ದೇಶಕನ ಬೆಲೆ. ಅವನು ಬೇಕಾದವನು, ಆದರೆ ಅವನೇ ಬೇಕು ಅಂತೇನಿಲ್ಲ. ‘ವಿಜರ್ಡ್ ಆಫ್ ಆಜ್’ (1939) ಶುರು ಮಾಡಿದವನು ರಿಚರ್ಡ್ ಥಾರ್ಪ್, ಅವನನ್ನು ತೆಗೆದರು. ಜಾರ್ಜ್ ಕ್ಯೂಕರ್ ನಡುವೆ ಬಂದು ಒಂದಿಷ್ಟು ಸರಿಮಾಡಿ ಹೋದ. ಬಹುಪಾಲು ಮಾಡಿದವನು ವಿಕ್ಟರ್ ಫ್ಲೆಮಿಂಗ್. ಅವನನ್ನೂ ನಡುವೆ ‘ಗಾನ್ ವಿತ್ ದ ವಿಂಡ್’ಗೆ ಎಳೆದುಕೊಂಡರು, ಉಳಿದದ್ದನ್ನು ಕಿಂಗ್ ವಿಡಾರ್ ಮುಗಿಸಿದ. ಇಷ್ಟಾದರೂ ತೆರೆಯ ಮೇಲೆ ಒಂದೇ ಸಿನಿಮಾದ ಹಾಗೆ ಕಾಣುತ್ತದೆ. ಯಾಕಂದರೆ ಸಿನಿಮಾ ನಿರ್ದೇಶಕನ ತಲೆಯಲ್ಲಿ ಇರಲಿಲ್ಲ. ವಾರ್ನರ್‌ನ ಮೈಕೆಲ್ ಕರ್ಟಿಜ್ 1930ರ ದಶಕ ಒಂದರಲ್ಲೇ 40ಕ್ಕೂ ಹೆಚ್ಚು ಚಿತ್ರ ಮಾಡಿದ. ಅದು ಹೇಗೆ ಸಾಧ್ಯ? ಒಂದು ಮುಗಿದ ವಾರವೇ ಇನ್ನೊಂದರ ಸ್ಕ್ರಿಪ್ಟ್ ಕೈಗೆ ಬರುತ್ತಿತ್ತು. ಹಳೆಯದರ ಎಡಿಟಿಂಗ್ ನೋಡಿಕೊಳ್ಳುವವರು ಬೇರೆ ಇದ್ದರು.

ನನಗೆ ತುಂಬಾ ಇಷ್ಟವಾದ ಉದಾಹರಣೆ ಯೂನಿವರ್ಸಲ್‌ನ ‘ಡ್ರಾಕುಲಾ’ (1931). ಮಾತು ಬಂದ ಹೊಸದು, ಬೇರೆ ಭಾಷೆಯ ಮಾರುಕಟ್ಟೆ ಕೈತಪ್ಪುವ ಭಯ. ಹಗಲು ಟಾಡ್ ಬ್ರೌನಿಂಗ್ ಇಂಗ್ಲಿಷ್ ಚಿತ್ರ ತೆಗೆದು ಹೋಗುತ್ತಿದ್ದ. ರಾತ್ರಿ ಅದೇ ಸೆಟ್‌ಗೆ ಬೇರೆ ನಟರು, ಬೇರೆ ನಿರ್ದೇಶಕ ಜಾರ್ಜ್ ಮೆಲ್ಫರ್ಡ್ ಬಂದು ಬೆಳಗಾಗುವವರೆಗೆ ಸ್ಪ್ಯಾನಿಷ್ ಚಿತ್ರ ತೆಗೆಯುತ್ತಿದ್ದರು. ಮೆಲ್ಫರ್ಡ್‌ಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ! ಕೆಲವು ಕಡೆ ರಾತ್ರಿ ಪಾಳಿಯ ಚಿತ್ರವೇ ಚೆನ್ನಾಗಿದೆ ಅನ್ನುವವರು ಇದ್ದಾರೆ, ನಾನೂ ಆ ಕಡೆಯವನೇ.

ಎಲ್ಲ ಅಚ್ಚುಕಟ್ಟಾಗಿತ್ತು ಅಂದುಕೊಳ್ಳಬೇಡಿ. ಒಂದೇ ಕತೆಗೆ ಒಬ್ಬರಿಗೊಬ್ಬರಿಗೆ ಗೊತ್ತಿಲ್ಲದೆ ಎರಡು ಮೂರು ಬರಹಗಾರರನ್ನು ಕೂರಿಸುವುದು ಮಾಮೂಲು. ಯಾರ ಸಾಲು ಉಳಿಯಿತು, ಯಾರದು ಹೋಯಿತು ಅಂತ ಅವರಿಗೆ ಥಿಯೇಟರಿನಲ್ಲೇ ಗೊತ್ತಾಗುತ್ತಿತ್ತು. 1927ರಲ್ಲಿ, ಈಗ ಆಸ್ಕರ್ ಕೊಡುವ ಅಕಾಡೆಮಿಯನ್ನು ಕಟ್ಟುವ ಯೋಚನೆ ಮೇಯರ್‌ಗೆ ಬಂದದ್ದರ ಹಿಂದೆ ಕಾರ್ಮಿಕ ಸಂಘಗಳನ್ನು ದೂರ ಇಡುವ ಲೆಕ್ಕಾಚಾರವೂ ಇತ್ತು. 1933ರಲ್ಲಿ ಬರಹಗಾರರೂ ನಟರೂ ತಮ್ಮದೇ ಸಂಘ ಕಟ್ಟಿಕೊಂಡರು. ಇನ್ನು ಕಾಗದ ಕೈಕೊಟ್ಟ ಸಂದರ್ಭಗಳೂ ಇವೆ. ‘ಕಾಸಾಬ್ಲಾಂಕಾ’ 1942ರ ಮೇ ಕೊನೆಯಲ್ಲಿ ಶುರುವಾದಾಗ ಸ್ಕ್ರಿಪ್ಟ್ ಮುಗಿದಿರಲಿಲ್ಲ. ಬದಲಾದ ಪುಟಗಳು ಶೂಟಿಂಗ್ ನಡೆಯುತ್ತಿದ್ದಾಗಲೇ ಸೆಟ್‌ಗೆ ಬರುತ್ತಿದ್ದವು. ಆದರೂ ಆಗಸ್ಟ್ ಮೊದಲ ವಾರಕ್ಕೆ ಮುಗಿಯಿತು, ಯಾಕಂದರೆ ಮಿಕ್ಕೆಲ್ಲ ಇಲಾಖೆ ತನ್ನ ಪಾಡಿಗೆ ಓಡುತ್ತಿತ್ತು. ಆ ಚಿತ್ರದ ಪ್ರಸಿದ್ಧ ಕೊನೆಯ ಮಾತು ಬರೆದದ್ದು ಬರಹಗಾರರೂ ಅಲ್ಲ, ನಿರ್ದೇಶಕ ಕರ್ಟಿಜ್ ಕೂಡ ಅಲ್ಲ. ಶೂಟಿಂಗ್ ಮುಗಿದ ಮೇಲೆ ನಿರ್ಮಾಪಕ ಹಾಲ್ ವಾಲಿಸ್ ಬರೆದು, ನಾಯಕ ನಟ ಬೋಗಾರ್ಟ್‌ನನ್ನು ಕರೆಸಿ ಡಬ್ ಮಾಡಿಸಿದ.

ನಮ್ಮ ದೇಶಕ್ಕೂ ಈ ಕ್ರಮ ಬಂತು, ಸ್ವಲ್ಪ ಜರ್ಮನಿ ಕಡೆಯಿಂದ ಸುತ್ತಿಕೊಂಡು. 1934ರಲ್ಲಿ ಹಿಮಾಂಶು ರಾಯ್, ದೇವಿಕಾ ರಾಣಿ ಮುಂಬೈನ ಮಲಾಡ್‌ನಲ್ಲಿ ಬಾಂಬೆ ಟಾಕೀಸ್ ಕಟ್ಟಿದರು. ಷೇರು ಕಂಪನಿ, ಎಲ್ಲರಿಗೂ ತಿಂಗಳ ಸಂಬಳ. ಲ್ಯಾಬ್‌ನಲ್ಲಿ ಸಹಾಯಕನಾಗಿದ್ದ ಅಶೋಕ್ ಕುಮಾರ್ ನಾಯಕ ನಟನಾದದ್ದು ಅಲ್ಲೇ. ಅಲ್ಲಿ ಹತ್ತಕ್ಕೂ ಹೆಚ್ಚು ಹಿಂದಿ ಚಿತ್ರ ನಿರ್ದೇಶಿಸಿದ ಫ್ರಾಂಜ್ ಓಸ್ಟೆನ್ ಜರ್ಮನಿಯವನು, ಹಿಂದಿ ಬಾರದವನು. ಮೆಲ್ಫರ್ಡ್ ನೆನಪಾದನಲ್ಲ? 1940ರಲ್ಲಿ ರಾಯ್ ತೀರಿಕೊಂಡ ಮೇಲೆ ಸ್ಟುಡಿಯೋ ನಡೆಸಿದ ದೇವಿಕಾ ರಾಣಿ ಮುಂದೆ ನಮ್ಮ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬಾಳಿದರು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಸಿನಿಮಾ ಕಲಿತದ್ದು 1944ರಲ್ಲಿ ಪುಣೆಯ ಪ್ರಭಾತ್ ಸ್ಟುಡಿಯೋದಲ್ಲಿ, ಮೂರು ವರ್ಷದ ಒಪ್ಪಂದದ ಮೇಲೆ.

ಕನ್ನಡ ಸಿನಿಮಾ ಮಾತ್ರ ಬಾಡಿಗೆ ಮನೆಯಲ್ಲಿ ಬೆಳೆದ ಮಗು. ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ತಯಾರಾದದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ. ಆಮೇಲೆ ದಶಕಗಳ ಕಾಲ ಮದರಾಸಿನ ಫ್ಲೋರುಗಳು. ಮೈಸೂರಿನಲ್ಲಿ ಸ್ಟುಡಿಯೋ ಕಟ್ಟಿದವರಿದ್ದಾರೆ, ಆದರೆ ಮದರಾಸಿನ ಹಿಡಿತ ಸಡಿಲವಾಗಲು ಬಹಳ ವರ್ಷ ಬೇಕಾಯಿತು. ಬಾಡಿಗೆಗೆ ಫ್ಲೋರ್ ಸಿಗುತ್ತದೆ, ಲೈಟು ಸಿಗುತ್ತದೆ. ಇಲಾಖೆ ಸಿಗುವುದಿಲ್ಲ. ಕತೆ ವಿಭಾಗ, ಲೆಕ್ಕದ ವಿಭಾಗ, ವರ್ಷದ ಯೋಜನೆ ಇವೆಲ್ಲ ಮನೆಯ ಯಜಮಾನನ ಹತ್ತಿರವೇ ಉಳಿಯುತ್ತವೆ.

ಹಾಲಿವುಡ್‌ನಲ್ಲೂ ಈ ಕ್ರಮ ಉಳಿಯಲಿಲ್ಲ. 1948ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ಯಾರಾಮೌಂಟ್ ಪ್ರಕರಣದಲ್ಲಿ ಸ್ಟುಡಿಯೋಗಳ ವಿರುದ್ಧ ತೀರ್ಪು ಕೊಟ್ಟಿತು. ಗಂಟು ಕಟ್ಟಿ ಮಾರುವುದು ನಿಂತಿತು, ದೊಡ್ಡ ಕಂಪನಿಗಳು ಚಿತ್ರಮಂದಿರಗಳನ್ನು ಬೇರೆ ಮಾಡಬೇಕಾಯಿತು. ಜೊತೆಗೆ ಟಿವಿ ಬಂತು. ತೋರಿಸುವ ಜಾಗ ಖಾತ್ರಿ ಇಲ್ಲ ಅಂದ ಮೇಲೆ ಇಷ್ಟು ಜನಕ್ಕೆ ತಿಂಗಳ ಸಂಬಳ ಕೊಟ್ಟು ಕೂರಿಸುವುದು ಯಾರಿಗೆ ಬೇಕು? ಒಂದೊಂದೇ ಒಪ್ಪಂದ ಬಿಟ್ಟರು. ಒಂದು ಸಿನಿಮಾಕ್ಕೆ ಜನ ಕೂಡಿಸಿ, ಮುಗಿದ ಮೇಲೆ ಚದುರುವ ಈಗಿನ ಪದ್ಧತಿ ಬಂತು. 1970ರಲ್ಲಿ ಎಂಜಿಎಂ ತನ್ನ ಉಗ್ರಾಣವನ್ನೇ ಹರಾಜು ಹಾಕಿಸಿತು. ‘ವಿಜರ್ಡ್ ಆಫ್ ಆಜ್’ನ ಕೆಂಪು ಚಪ್ಪಲಿ ಅವತ್ತು 15,000 ಡಾಲರಿಗೆ ಹೋಯಿತು.

ನಿಮ್ಮ ಕೈಲಿ ಆಗುವ ಕೆಲಸ ಒಂದಿದೆ. ಶೆಡ್ಯೂಲ್ ಶುರುವಾದ ದಿನದಿಂದ ಒಂದು ನೋಟ್‌ಬುಕ್ಕಿನಲ್ಲಿ ಪ್ರೊಡಕ್ಷನ್ ರಿಪೋರ್ಟ್ ಬರೆಯಿರಿ, ಯಾರೂ ಕೇಳದಿದ್ದರೂ ಪರವಾಗಿಲ್ಲ. ಎಲ್ಲ ಬೇಡ, ಎರಡೇ ಕಾಲಂ ಸಾಕು. ಯೂನಿಟ್ ಬಂದದ್ದು ಎಷ್ಟು ಗಂಟೆಗೆ, ಮೊದಲ ಶಾಟ್ ಓಕೆ ಆದದ್ದು ಎಷ್ಟು ಗಂಟೆಗೆ. ಹತ್ತು ದಿನ ಬರೆದು ನಿರ್ಮಾಪಕರಿಗೆ ತೋರಿಸಿ. ನಿರ್ದೇಶಕರು ಪಕ್ಕದಲ್ಲಿ ಇಲ್ಲದಾಗ ತೋರಿಸಿ.